ಬಾಣಂತಿ ಕೋಣೆಯಿಂದ ಬೈಲಹೊಂಗಲಕ್ಕೆ ಸುರಂಗ

ತೊರಗಲ್ ಕೋಟೆಯಿಂದ ಎಲ್ಲಿಗೋ ಒಂದು ಸುರಂಗವಿದೆ ಎಂದು ರಾಮದುರ್ಗದ ಕಡೆ ಹೇಳದವರಿಲ್ಲ. ಹೊಕ್ಕು ನೋಡಿದವರು ಮಾತ್ರ ನನಗೆ ಒಬ್ಬರೂ ಸಿಕ್ಕಿಲ್ಲ. ಕಿತ್ತೂರಿನವರನ್ನು ಕೇಳಿದರೆ ಅವರದೂ ಒಂದು ಸುರಂಗ ಇದ್ದೇ ಇರುತ್ತದೆ, ಅದು ಇನ್ನೂ ಉದ್ದದ್ದು. ಇರಲಿ. ನಾನು ಕೋಟೆ ಕಟ್ಟಿಸಿದ ಮನೆತನದವಳಲ್ಲ, ಆದರೆ ರಾಮದುರ್ಗದಿಂದ ಬೈಲಹೊಂಗಲಕ್ಕೆ ಸುರಂಗ ಹೊಡೆದವಳು. ಅದೂ ಬಾಣಂತಿ ಕೋಣೆಯಲ್ಲಿ ಹೊರಸಿನ ಮೇಲೆ ಕೂತು, ತಲೆಗೆ ಬಟ್ಟೆ ಬಿಗಿದು, ಕಿವಿಗೆ ಅರಳೆ ತುರುಕಿಕೊಂಡು. ಒಂದು ಲಗ್ನದ ಹಂಗಾಮು ಪೂರ್ತಿ ಅದರೊಳಗೆ ಓಡಾಡಿದೆ, ಮಾವನವರ ಕಣ್ಣಿಗೆ ಮಣ್ಣೆರಚಿ.

ಗಂಡನ ಮನೆಯವರದು ಬೈಲಹೊಂಗಲದ ಬಜಾರದಲ್ಲಿ ಒಂದು ಸಣ್ಣ ಪ್ರೆಸ್ಸು. ತೊಂಬತ್ತರ ದಶಕದಲ್ಲಿ ಮಾವನವರು ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಮೊಳೆಗಳ ಕಾಲ ಮುಗಿದು ಕಂಪ್ಯೂಟರು ಬಂದಿತ್ತು. ಬಂದಿತ್ತು ಅಷ್ಟೇ, ಮುಟ್ಟುವವರಿರಲಿಲ್ಲ. ನನ್ನ ಗಂಡನಿಗೆ ಯಂತ್ರ ತಿರುಗಿಸುವುದು ಗೊತ್ತು, ಗಿರಾಕಿಗಳ ಜೊತೆ ಹರಟೆ ಹೊಡೆಯುವುದು ಇನ್ನೂ ಚೆನ್ನಾಗಿ ಗೊತ್ತು; ಒಂದು ಸಾಲು ಕನ್ನಡ ಟೈಪ್ ಮಾಡು ಎಂದರೆ ಅಂಗೈ ಬೆವರುತ್ತಿತ್ತು. ನಾನು ತವರಲ್ಲಿದ್ದಾಗ ಡಿಟಿಪಿ ಕಲಿತವಳು. ಮದುವೆಯಾದ ಎರಡನೇ ತಿಂಗಳಿಗೆ ಆ ಕುರ್ಚಿಯ ಮೇಲೆ ಹೋಗಿ ಕೂತೆ. ನಾಲ್ಕು ವರ್ಷ ಸಂಪಗಾಂವದಿಂದ ಎಂ.ಕೆ. ಹುಬ್ಬಳ್ಳಿವರೆಗೆ ಎಷ್ಟೋ ಮನೆಗಳ ಲಗ್ನಪತ್ರಿಕೆ ಅಲ್ಲಿಂದಲೇ ಹೋದವು. ಸುಳ್ಳು ಯಾಕೆ ಹೇಳಲಿ, ಮನೆಯೊಳಗೆ ನಾನು ನಾಲ್ಕು ಜನರಲ್ಲಿ ಒಬ್ಬಳು. ಆ ಕುರ್ಚಿಯ ಮೇಲೆ ಮಾತ್ರ ನಾನು ನಾನಾಗಿದ್ದೆ. ಅದರ ಮೇಲೆ ನನಗೆ ಜೀವವಿತ್ತು.

ಮಾವನವರಿಗೂ ನನಗೂ ಮಾತಿರಲಿಲ್ಲ. ಜಗಳವಲ್ಲ, ಪದ್ಧತಿ. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವಂತಿಲ್ಲ. ಅವರು ಗಿರಾಕಿಯ ಚೀಟಿಯನ್ನು ನನ್ನ ಮೇಜಿನ ಮೂಲೆಯಲ್ಲಿಟ್ಟು, ಗೋಡೆಯ ಮೇಲಿನ ಕ್ಯಾಲೆಂಡರಿಗೆ ಹೇಳುತ್ತಿದ್ದರು, ಇದು ಸಂಜೆಯೊಳಗೆ ಆದರೆ ಚಲೋ ಎಂದು. ನಾನು ಪ್ರೂಫ್ ತೆಗೆದು ಅದೇ ಮೂಲೆಯಲ್ಲಿಡುತ್ತಿದ್ದೆ. ಅವರು ಕೆಂಪು ಪೆನ್ನಿನಿಂದ ಗೀಟು ಹಾಕಿ ಮತ್ತೆ ಅಲ್ಲೇ ಇಡುತ್ತಿದ್ದರು. ಪ್ರೆಸ್ಸಿನ ಎಲ್ಲ ವ್ಯವಹಾರ ಹೀಗೆ ಒಂದು ಮೇಜಿನ ಮೂಲೆಯಲ್ಲಿ ಸುಸೂತ್ರವಾಗಿ ನಡೆದಿತ್ತು.

ಬಸುರಿಗೆ ಮಾಡುವ ಕುಬಸ ಮುಗಿಸಿ, ಸವದತ್ತಿಯಲ್ಲಿ ಬಸ್ಸು ಬದಲಿಸಿ, ಚೊಚ್ಚಿಲ ಬಾಣಂತನಕ್ಕೆ ರಾಮದುರ್ಗಕ್ಕೆ ಬಂದೆ. ಸಂಕ್ರಾಂತಿ ಮುಂದೆ ಹೆಣ್ಣು ಕೂಸು ಹುಟ್ಟಿತು. ಕೂಸನ್ನು ನೋಡಲು ಬಂದ ಮಾವನವರು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನನಗೆ ಹೇಳಬೇಕಾದ್ದನ್ನೆಲ್ಲ ಅದಕ್ಕೆ ಹೇಳಿದರು.

"ನಿಮ್ಮವ್ವಗ ಹೇಳವಾ, ಇನ್ನ ಪ್ರೆಸ್ಸಿನ ಚಿಂತಿ ಬ್ಯಾಡ. ಬೆಳಗಾವಿ ಕಡಿಂದ ಒಬ್ಬ ಆಪರೇಟರ್‌ನ ಹುಡುಕಾಕ ಹತ್ತೇನಿ. ಆಕಿ ನಿನ್ನ ನೋಡ್ಕೊಂಡು ಮನ್ಯಾಗ ಆರಾಮ ಇರ್ಲಿ."

ಹದಿನೈದು ದಿನದ ಕೂಸು ಬಾಯಿ ಚಪ್ಪರಿಸಿತು. ನಾನು ಬಾಗಿಲ ಹಿಂದೆ ನಿಂತಿದ್ದೆ, ನನ್ನ ಮೈಯೆಲ್ಲ ಉರಿಯಿತು. ಆರಾಮಂತೆ ಆರಾಮ. ಅಕ್ಕರೆಯಿಂದಲೇ ಹೇಳಿದ್ದರು, ಅದು ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ ಬಂತು, ಅಕ್ಕರೆಯ ಜೊತೆ ಜಗಳ ತೆಗೆಯುವುದು ಹೇಗೆ?

ಅವರು ಬಸ್ಸು ಹತ್ತಿದ ಕೂಡಲೇ ಗಂಡನಿಗೆ ಫೋನ್ ಹಚ್ಚಿದೆ. ಆಪರೇಟರ್ ಬಂದು ಹಂಗಾಮು ಸುಧಾರಿಸಿಬಿಟ್ಟರೆ ಆ ಕುರ್ಚಿ ಅವನದೇ. ಹಂಗಾಮು ಮುಗಿಯುವತನಕ ಕೆಲಸ ನಿಲ್ಲದಿದ್ದರೆ ಮಾವನವರು ಹುಡುಕುವುದನ್ನೇ ಬಿಡುತ್ತಾರೆ. ಆದ್ದರಿಂದ ನೀವು ಕಂಪ್ಯೂಟರ್ ಕಲಿತಿದ್ದೇನೆಂದು ಹೇಳಿ ಕುರ್ಚಿಯ ಮೇಲೆ ಕೂಡಬೇಕು, ಕೆಲಸ ನಾನು ಇಲ್ಲಿಂದ ಮಾಡುತ್ತೇನೆ ಎಂದೆ. ಗಂಡ, ಅಪ್ಪನಿಗೆ ಗೊತ್ತಾದರೆ ಚರ್ಮ ಸುಲಿಯುತ್ತಾನೆ ಎಂದರು. ಬೇಡ ಎನ್ನಲಿಲ್ಲ.

ನನ್ನ ಅಪ್ಪ ಸಾಲಿ ಮಾಸ್ತರ. ಓಣಿಯ ಹುಡುಗರ ಪರೀಕ್ಷೆಯ ಫಲಿತಾಂಶ ನೋಡಲೆಂದು ಮನೆಗೆ ಕಂಪ್ಯೂಟರ್ ತಂದು ಇಂಟರ್‌ನೆಟ್ ಹಾಕಿಸಿದ್ದ. ವರ್ಷಕ್ಕೆ ಎರಡು ದಿನ ಅದರ ಉಪಯೋಗ, ಉಳಿದ ದಿನ ಬರೀ ಅದರ ಡಬ್ಬಿಯ ದೀಪ ಮಿಣುಕುವುದು. ಬೈಲಹೊಂಗಲದ ಪ್ರೆಸ್ಸಿನಲ್ಲೂ ಅಂಥದೇ ಒಂದು ಡಬ್ಬಿ ಇತ್ತು, ರೌಟರ್ ಎನ್ನುವುದು. ಆ ಡಬ್ಬಿಯ ಕೆಲಸ ಮನೆಯ ಅಂಗಳದ ಬಾಗಿಲಿನ ಹಾಗೆ. ಒಳಗಿನ ಕಂಪ್ಯೂಟರು, ಪ್ರಿಂಟರುಗಳಿಗೆ ಒಂದೊಂದು ಒಳನಂಬರು ಕೊಟ್ಟು ಸಾಕುತ್ತದೆ. ಹೊರಗಿನವರಿಗೆ ಒಳಗೆ ಯಾರಿದ್ದಾರೆಂದು ಕಾಣಗೊಡುವುದಿಲ್ಲ. ಎರಡು ಊರಿನ ಎರಡು ಕಂಪ್ಯೂಟರುಗಳ ನಡುವೆ, ಈ ಎರಡು ಬಾಗಿಲುಗಳನ್ನು ದಾಟಿ, ಬೇರೆ ಯಾರಿಗೂ ಕಾಣದ ಒಂದು ಸುರಂಗ ತೆಗೆಯಬಹುದು, ತೆಗೆದರೆ ಎರಡೂ ಮನೆ ಒಂದೇ ಮನೆಯಾದಂತೆ ಎಂದು ನೆಟ್ಟಿನಲ್ಲಿ ಓದಿದೆ. ಓದಿದ್ದು ಇಂಗ್ಲಿಷಿನಲ್ಲಿ, ಅಪ್ಪನ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು. ಬಾಣಂತಿ ಕಣ್ಣಿಗೆ ಶ್ರಮ ಕೊಡಬಾರದು ಎಂದು ಅವ್ವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನಾನು ಹತ್ತು ಸಲವೂ ಹೂಂ ಅಂದೆ.

ಮಧ್ಯಾಹ್ನ ಮಾವನವರು ಊಟಕ್ಕೆ ಮನೆಗೆ ಹೋಗಿ ಒಂದು ಗಳಿಗೆ ಅಡ್ಡಾಗುತ್ತಿದ್ದರು. ಆ ಹೊತ್ತಿನಲ್ಲಿ ನಾನು ಫೋನಿನಲ್ಲಿ ಹೇಳುವುದು, ಅಲ್ಲಿ ಗಂಡ ಒತ್ತುವುದು. ಮೂರು ದಿನ ಒತ್ತಿಸಿದೆ. ಸುರಂಗ ಸಿದ್ಧವಾಯಿತು ಎಂದು ಪರದೆ ಹೇಳುತ್ತಿತ್ತು, ಆ ಕಡೆಯ ಕಂಪ್ಯೂಟರ್ ಮಾತ್ರ ಕರೆದರೆ ಓ ಅನ್ನಲೊಲ್ಲದು. ನಾಲ್ಕನೇ ದಿನ ಹೊಳೆಯಿತು. ಎರಡೂ ಡಬ್ಬಿಗಳು ಕಾರ್ಖಾನೆಯಿಂದ ಬರುವಾಗಲೇ ಒಂದೇ ನಂಬರು ಹೊತ್ತು ಬಂದಿದ್ದವು. ಒಳಗಿನವರಿಗೆಲ್ಲ ಕೊಟ್ಟ ನಂಬರುಗಳೂ ಒಂದೇ ಸಾಲಿನವು. ಹೀಗಾಗಿ ನಾನು ಬೈಲಹೊಂಗಲದವರನ್ನು ಕರೆದರೆ ಡಬ್ಬಿ ಇಲ್ಲೇ ರಾಮದುರ್ಗದ ಮನೆಯೊಳಗೆ ಹುಡುಕುತ್ತಿತ್ತು. ತಲೆ ಮೇಲೆ ಕೈ ಹೊತ್ತು ಕೂತ ನನ್ನನ್ನು ಕಂಡು ಅವ್ವ ಏನೆಂದು ಕೇಳಿದಳು. ಎರಡೂ ಕಡೆಯವರದು ಒಂದೇ ಇರುವುದರಿಂದ ಕೂಡಲೊಲ್ಲದು ಎಂದೆ.

"ಮತ್ತ ಒಂದ ಬೆಡಗಿನವರ ನಡುವ ಸಂಬಂಧ ಹೆಂಗ ಕೂಡತೈತಿ?" ಅಂದಳು ಅವ್ವ, ಬೆಳ್ಳುಳ್ಳಿ ಸುಲಿಯುತ್ತ. "ಒಬ್ಬರದ ಬದಲ ಮಾಡ್ರಿ."

ಬೆಡಗೆಂದರೆ ನಮ್ಮಲ್ಲಿ ಗೋತ್ರವಿದ್ದ ಹಾಗೆ. ನಾನು ಓದಿದ ಇಪ್ಪತ್ತು ಪುಟದ ಸಾರ ಅಷ್ಟೇ ಇತ್ತು. ಯಾರದು ಬದಲಿಸುವುದು ಎಂಬುದಷ್ಟೇ ಪ್ರಶ್ನೆ. ಇಲ್ಲಿ ನನ್ನ ಕೈಯಳತೆಯಲ್ಲೇ ಇದ್ದ ಡಬ್ಬಿಯದನ್ನು ಬದಲಿಸಿದ್ದರೆ ಎರಡು ನಿಮಿಷದ ಕೆಲಸ. ಆದರೆ ಯಾಕೆ ಬದಲಿಸಬೇಕು? ಹೆಸರು, ಊರು, ಸೀರೆ ಉಡುವ ರೀತಿ, ಸಾರಿನ ಹುಳಿ, ಎಲ್ಲವನ್ನೂ ಹೆಣ್ಣಿನ ಕಡೆಯವಳೇ ಬದಲಿಸಿ ಆಗಿತ್ತು. ಈ ಸಲ ಗಂಡಿನ ಕಡೆಯವರು ಬದಲಿಸಲಿ ಎಂದು ಹಟ ಹಿಡಿದೆ. ಗಂಡ ಮತ್ತೆರಡು ಮಧ್ಯಾಹ್ನ ಬೆವರಿಳಿಸಿ ಪ್ರೆಸ್ಸಿನ ಒಳನಂಬರುಗಳಲ್ಲಿ ಒಂದಿದ್ದಲ್ಲಿ ಏಳು ಹಾಕಿದರು. ಸುರಂಗ ಕೂಡಿತು. ಪ್ರೆಸ್ಸಿನ ಪ್ರಿಂಟರಿಗೆ ಮಾತ್ರ ಹೊಸ ನಂಬರು ಹೇಳುವುದನ್ನು ಇಬ್ಬರೂ ಮರೆತಿದ್ದೆವು. ಅದು ಅರ್ಧ ದಿನ ಮುನಿಸಿಕೊಂಡು ಕೂತಿತು. ಬಿಸಿಯಾಗಿ ಹಾಗಾಗಿದೆ ಎಂದು ಮಾವನವರು ಅದರ ಎದುರು ಟೇಬಲ್ ಫ್ಯಾನ್ ಹಚ್ಚಿದ್ದರಂತೆ.

ಮರುದಿನದಿಂದ ಆಟ ಶುರು. ಬೈಲಹೊಂಗಲದ ಪರದೆ ಇಲ್ಲಿ ನನ್ನೆದುರು ಕಾಣುತ್ತಿತ್ತು, ಇಲ್ಲಿ ನಾನು ಮೌಸ್ ಸರಿಸಿದರೆ ಅಲ್ಲಿ ಬಾಣ ಸರಿಯುತ್ತಿತ್ತು. ಗಂಡನ ಕೆಲಸ ಕುರ್ಚಿಯ ಮೇಲೆ ಗಂಭೀರವಾಗಿ ಕೂಡುವುದು ಮಾತ್ರ. ಮೊದಲ ದಿನ ಅವರ ಕೈ ನನ್ನ ಕೈಯೊಂದಿಗೆ ಜಗ್ಗಾಟಕ್ಕೆ ಬಿತ್ತು, ಅವರು ಎಡಕ್ಕೆ ಎಳೆದರೆ ನಾನು ಬಲಕ್ಕೆ. ಅದಕ್ಕೆ ಮೌಸಿನ ವಾಯರನ್ನು ಕಂಪ್ಯೂಟರಿನಿಂದ ಕಿತ್ತು, ತುದಿಯನ್ನು ಕುರ್ಚಿಯ ಮೆತ್ತೆಯ ಕೆಳಗೆ ಬಚ್ಚಿಡಲು ಹೇಳಿದೆ. ಆಮೇಲೆ ಅವರು ನಿಶ್ಚಿಂತೆಯಿಂದ ಮೌಸ್ ಆಡಿಸುತ್ತ ಕೂತರು. ಅಂಗಿಯ ಜೇಬಿನಲ್ಲಿ ಫೋನು ಚಾಲೂ ಇರುತ್ತಿತ್ತು, ಅಲ್ಲಿನ ಮಾತೆಲ್ಲ ನನಗೆ ಕೇಳುತ್ತಿತ್ತು. ಅದಕ್ಕೆಂದೇ ಒಂದು ಕಿವಿಯ ಅರಳೆ ತೆಗೆದಿಟ್ಟಿದ್ದೆ. ಕೂಸು ಅತ್ತರೆ ಈ ಕಡೆಯ ಸದ್ದು ಹೋಗದಂತೆ ಮಾಡಿ, ಮೊಲೆಗೆ ಹಚ್ಚಿಕೊಂಡು, ಒಂದು ಕೈಯಲ್ಲೇ ಗಣಪತಿಯ ಚಿತ್ರ ಸರಿಸುತ್ತಿದ್ದೆ.

ತೊಂದರೆಗಳು ಬಂದದ್ದು ಯಂತ್ರಗಳಿಂದಲ್ಲ, ಮನೆಮಂದಿಯಿಂದ. ಮಾವನವರು ಒಕ್ಕಲುತನದ ಮನೆಯವರು. ಸೋಮವಾರ ಎತ್ತು ಹೂಡಬಾರದು ಎಂಬುದನ್ನು ಪ್ರೆಸ್ಸಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಸೋಮವಾರ ಎಲ್ಲ ಯಂತ್ರಗಳಿಗೂ ವಿಶ್ರಾಂತಿ, ವಾರವಿಡೀ ಕಣ್ಣು ಮಿಟುಕಿಸಿ ದಣಿದ ಆ ಡಬ್ಬಿಗೂ. ಅದನ್ನು ಬಂದ್ ಮಾಡಿ ಮಂಗಳವಾರ ಹಚ್ಚಿದರೆ ಅದರ ಹೊರಗಿನ ನಂಬರು ಬದಲಾಗಿಬಿಡುತ್ತಿತ್ತು, ನನ್ನ ಸುರಂಗಕ್ಕೆ ಬಾಗಿಲೇ ಸಿಗುತ್ತಿರಲಿಲ್ಲ. ಹೀಗಾಗಿ ಪ್ರತಿ ಮಂಗಳವಾರ ಬೆಳಿಗ್ಗೆ ಗಂಡ ಪ್ರೆಸ್ಸಿನ ಹಿತ್ತಲಿಗೆ ಹೋಗಿ, ಫೋನಿಗೆ ಬಾಯಿ ಹಚ್ಚಿ, ಹೊಸ ನಂಬರನ್ನು ಪಿಸುಗುಟ್ಟುತ್ತಿದ್ದರು. ಮೂರನೇ ಮಂಗಳವಾರ ಅದು ಮಾವನವರ ಕಿವಿಗೆ ಬಿತ್ತು. ಮಗ ಓಸಿ ಆಡಲು ಕಲಿತ, ಮಟಕಾ ನಂಬರು ಬರೆಸುತ್ತಿದ್ದಾನೆ ಎಂದು ಅತ್ತೆಯವರ ಮುಂದೆ ತಲೆ ತಲೆ ಬಡಿದುಕೊಂಡರಂತೆ. ಗಂಡನಿಗೆ ಒಂದು ವಾರ ಮನೆಯಲ್ಲಿ ಯಾರೂ ನೆಟ್ಟಗೆ ಊಟಕ್ಕೆ ಬಡಿಸಲಿಲ್ಲ. ಪಾಪ, ಬಾಯಿ ಬಿಡಲಿಲ್ಲ. ಆ ವಾರ ಅವರ ಮೇಲೆ ನನಗೆ ಬಂದಷ್ಟು ಪ್ರೀತಿ ಮದುವೆಯಾದ ಹೊಸತರಲ್ಲೂ ಬಂದಿರಲಿಲ್ಲ.

ಈ ಕಡೆ ಇನ್ನೊಂದು ತಲೆನೋವು. ಕೂಸಿನ ಸ್ನಾನವಾಗಿ ಲೋಬಾನದ ಹೊಗೆ ಹಾಕಿದ ಮೇಲೆ, ದಿನಾ ಅದೇ ಹೊತ್ತಿಗೆ, ಸುರಂಗ ಕಡಿಯುತ್ತಿತ್ತು. ನಾನು ಫೋನಿನಲ್ಲಿ ಗಂಡನನ್ನು ಬೈದೆ, ಅಲ್ಲೇ ಏನೋ ಕಿತ್ತಿದ್ದೀರಿ ಎಂದು. ಅವರು ಆಣೆ ಮಾಡಿದರು. ಒಂದು ದಿನ ಹೊರಸಿನಿಂದ ಇಳಿದು ನೋಡುತ್ತೇನೆ, ಮೂಲೆಯಲ್ಲಿದ್ದ ನಮ್ಮ ಡಬ್ಬಿಗೆ ಅವ್ವ ಕೂಸಿನ ಕುಂಚಿಗೆ ತೊಡಿಸಿ, ಗಲ್ಲದ ಕೆಳಗೆ ಕಟ್ಟುವ ಲಾಡಿಯನ್ನು ವಾಯರಿನ ಸುತ್ತ ಬಿಗಿದಿದ್ದಾಳೆ. ಮುಟ್ಟಿದರೆ ಕೈ ಸುಡುತ್ತಿತ್ತು. ಅದು ಬೆಚ್ಚಗಿದ್ದುದನ್ನು ಕಂಡು, ಬೆಚ್ಚಗಿರುವುದೇ ಅದಕ್ಕೆ ಒಳ್ಳೆಯದು ಎಂದುಕೊಂಡಿದ್ದಳು. ಬಾಣಂತಿ ಕೋಣೆಯಲ್ಲಿದ್ದ ಮೇಲೆ ಅದಕ್ಕೂ ಗಾಳಿ ತಾಗಬಾರದಲ್ಲ ಎಂಬುದು ಅವಳ ವಾದ. ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು. ಬಾಣಂತಿ ಹಾಗೆ ನಗಬಾರದು ಎಂದು ಅದಕ್ಕೂ ಬೈಸಿಕೊಂಡೆ.

ಇಷ್ಟೆಲ್ಲದರ ನಡುವೆಯೂ ಸೋಮವಾರ ಬಿಟ್ಟರೆ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಮಾಘ ಮಾಸದ ಲಗ್ನಗಳೆಲ್ಲ ಸುರಂಗದೊಳಗಿಂದ ಸಾಗಿದವು. ಬೆಳಗಾವಿಯ ಆಪರೇಟರ್ ಸುದ್ದಿ ತಣ್ಣಗಾಯಿತು. ನಾನು ಗೆದ್ದೆ ಎಂದು ಬೀಗಿದೆ. ಹಂಗಾಮು ಮುಗಿದು ನಾನು ಬೈಲಹೊಂಗಲಕ್ಕೆ ಹೋದ ದಿನ ಗಂಡ ಎದ್ದು, ನಾನು ಕೂತು, ವಿಷಯ ಮುಗಿಯುತ್ತದೆ ಎಂದು ನನ್ನ ಲೆಕ್ಕಾಚಾರ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಒಂದು ದಿನ ಸಂಪಗಾಂವದ ಒಬ್ಬ ಹಿರಿಯರು ಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದಿದ್ದರು. ಕೆಳಗೆ ಸುಖಾಗಮನ ಬಯಸುವವರ ಹೆಸರುಗಳು ಕಬ್ಬಿನ ಸಾಲಿನಷ್ಟು ಉದ್ದ. ಕಾಕಾನ ಹೆಸರು ಮಾಮಾನ ಹೆಸರಿನ ಕೆಳಗೆ ಬಂದಿದೆ, ಮೇಲೆ ತೆಗೆದುಕೊಳ್ಳದಿದ್ದರೆ ಕಾಕಾ ಮಂಟಪಕ್ಕೇ ಬರುವುದಿಲ್ಲ ಎಂದು ಅವರ ಚಿಂತೆ. ಅಲ್ಲೇ ಕೂತು ತಿದ್ದಿಸಬೇಕೆಂದರು. ಗಂಡನ ಜೇಬಿನೊಳಗಿಂದ ನಾನು ಎಲ್ಲ ಕೇಳುತ್ತಿದ್ದೆ. ಬಾಣವನ್ನು ಕಾಕಾನ ಹೆಸರಿನವರೆಗೆ ಒಯ್ದಿದ್ದೆ. ಆಗ ಆ ಹಿರಿಯರು ಸೊಸೆ ಎಲ್ಲಿ ಕಾಣಲಿಲ್ಲ, ಮೊದಲು ಆಕೆಯೇ ಮಾಡುತ್ತಿದ್ದಳಲ್ಲ ಎಂದು ಕೇಳಿದರು. ಮಾವನವರ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು.

"ಮಗಾನ ಕಲತಾನ್ರಿ. ಆಕಿಕಿಂತ ಚಲೋ ಮಾಡ್ತಾನ. ಇನ್ನ ಆ ಕುರ್ಚಿ ಇವಂದ. ಸೊಸಿ ಮನ್ಯಾಗ ಇರ್ತಾಳ, ನಾ ಹೇಳಿ ಬಂದೇನಿ."

ನನ್ನ ಕೈ ಮೌಸಿನ ಮೇಲೆಯೇ ನಿಂತಿತು. ಆಕೆಗಿಂತ ಚೆನ್ನಾಗಿ. ನನ್ನ ಕೆಲಸವೇ ನನಗಿಂತ ಚೆನ್ನಾಗಿತ್ತಂತೆ. ಆಪರೇಟರ್ ಬಂದಿದ್ದರೆ ಅವನ ತಪ್ಪನ್ನಾದರೂ ತೋರಿಸಬಹುದಿತ್ತು, ಈಗ ನನ್ನ ಕುರ್ಚಿಯನ್ನು ನನ್ನ ಕೈಯಿಂದಲೇ ಗಂಡನಿಗೆ ಕೊಟ್ಟುಕೊಂಡಿದ್ದೆ. ಕಣ್ಣಲ್ಲಿ ನೀರು ಬಂತು, ನೀರಿನ ಹಿಂದೆಯೇ ಸಿಟ್ಟು ಬಂತು. ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ಮಾಡಲಿ ಮಗ, ನೋಡೋಣ.

ಬೈಲಹೊಂಗಲದಲ್ಲಿ ಬಾಣ ನಿಂತಲ್ಲೇ ನಿಂತಿತು. ಗಂಡ ಮೌಸನ್ನು ಅತ್ತಿಂದಿತ್ತ ಆಡಿಸುವ ಸದ್ದು ಕೇಳಿಸಿತು, ಮೊದಲು ಮೆಲ್ಲಗೆ, ಆಮೇಲೆ ಒರಳು ತಿರುವಿದ ಹಾಗೆ. ನಡುನಡುವೆ ಕೆಮ್ಮಿ ನನಗೆ ಸೂಚನೆ ಕೊಟ್ಟರು. ನಾನು ಕೂಸಿನ ಕಾಲಿಗೆ ಬಟ್ಟೆ ಹೊದಿಸುತ್ತ ಕೂತೆ. ಈಗಷ್ಟೇ ನೆಟ್ಟಗಿತ್ತಲ್ಲ, ಏನಾಯಿತು ಎಂದರು ಮಾವನವರು. ಅವರು ಜೀವನವಿಡೀ ಯಂತ್ರದ ಜೊತೆ ಕಳೆದವರು, ಯಂತ್ರ ನಿಂತರೆ ಮೊದಲು ಪಟ್ಟಿ ಕಳಚಿದೆಯೇ ನೋಡುವ ಕೈ ಅದು. ಮೌಸಿನ ವಾಯರು ಹಿಡಿದು ತುದಿಯವರೆಗೆ ಹೋಗಿದ್ದಾರೆ. ತುದಿ ಮಗನ ಕುಂಡೆಯ ಕೆಳಗಿನಿಂದ ಬಂತು.

 ಇದು ಏನು ಎಂದು ಮಾವನವರು ಕೇಳಿದರು. ಗಂಡ ಮತ್ತೆ ಕೆಮ್ಮಿದರು. ಇನ್ನು ಸುಮ್ಮನಿದ್ದರೆ ಆ ಬಡಪಾಯಿಯ ಗತಿ ಏನು? ಮಾವನೆದುರು ಮಾತಾಡಬಾರದು ಎಂದು ನನಗೆ ಹೇಳಿದ್ದರು, ಬರೆಯಬಾರದು ಎಂದು ಯಾರೂ ಹೇಳಿರಲಿಲ್ಲ. ಸುಖಾಗಮನ ಬಯಸುವವರ ಕೆಳಗೆ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿದೆ.

"ಮಾವಾರ, ಇದನ್ನ ಮಾಡಾಕಿ ನಾನು. ಮೊದಲಿಂದನೂ ನಾನ. ರಾಮದುರ್ಗದಿಂದ ಮಾಡಾಕ ಹತ್ತೇನಿ. ನನ್ನ ಕುರ್ಚಿ ಯಾರಿಗೂ ಕೊಡಬ್ಯಾಡ್ರಿ."

ನಾಲ್ಕು ವರ್ಷದಲ್ಲಿ ಅವರಿಗೆ ನಾನು ಹೇಳಿದ ಮೊದಲ ಮಾತು ಅದು.  ಅಳಿಸಿಬಿಡಲೇ ಅಂದುಕೊಂಡೆ, ಓದಿ ಆಗಿರುತ್ತದೆ. ಸಂಪಗಾಂವದ ಹಿರಿಯರೇ ಮೊದಲು ಬಾಯಿ ಬಿಟ್ಟರು. ಅಲ್ಲಿಂದಲೇ ನಮ್ಮ ಕಾಕಾನನ್ನು ಮೇಲೆ ತೆಗೆದುಕೊಳ್ಳಲು ಆಗುತ್ತದೇನು ಎಂದು ಕೇಳಿದರು. ಅರ್ಧ ನಿಮಿಷದಲ್ಲಿ ಕಾಕಾನನ್ನು ಎತ್ತಿ ಮಾಮಾನ ಮೇಲೆ ಕೂರಿಸಿ, ಪ್ರೆಸ್ಸಿನ ಪ್ರಿಂಟರಿಗೆ ಇಲ್ಲಿಂದಲೇ ಪ್ರೂಫ್ ಕಳಿಸಿದೆ. ಅದು ಅಲ್ಲಿ ಗರಗರ ಎಂದು ಹೊರಬರುವುದು ಕೇಳಿಸಿತು. 

ಆಮೇಲೆ ಕುರ್ಚಿ ಕಿರುಗುಟ್ಟಿತು. ಮಾವನವರು ಮಗನನ್ನು ಎಬ್ಬಿಸಿ ತಾವು ಕೂತಿದ್ದರು. ಯಾವ ಅಕ್ಷರ ಎಲ್ಲಿದೆ ಎಂದು ಕೇಳುವುದು, ಗಂಡ ತೋರಿಸುವುದು ಕೇಳಿಸುತ್ತಿತ್ತು. ಫೋನು ಜೇಬಿನಲ್ಲಿದೆ ಎಂದು ಅಷ್ಟರಲ್ಲಿ ಗಂಡ ಬಾಯಿ ಬಿಟ್ಟಿದ್ದರು, ಅದರಲ್ಲಿ ಒಂದು ಮಾತು ಬೈದಿದ್ದರೆ ಸಾಕಿತ್ತು. ಅವರು ಫೋನು ಮುಟ್ಟಲಿಲ್ಲ. ನನ್ನ ಸಾಲಿನ ಕೆಳಗೆ ಒಂದೊಂದೇ ಅಕ್ಷರ ಮೂಡತೊಡಗಿತು. ಒಂದು ಅಕ್ಷರ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಇನ್ನೊಂದು. ಒಮ್ಮೆ ತಪ್ಪಾಯಿತು, ಅಳಿಸಿದರು. ನಾನು ಪರದೆ ನೋಡುತ್ತಿದ್ದೆ. ಅವ್ವನೂ ಬೆಳ್ಳುಳ್ಳಿ ಬಿಟ್ಟು ಬಂದು ನನ್ನ ಹಿಂದೆ ನಿಂತಿದ್ದಳು. ಕೂಸಿಗಲ್ಲ, ಕ್ಯಾಲೆಂಡರಿಗಲ್ಲ, ನನಗೇ ಬರೆದಿದ್ದರು.

"ತೊಟ್ಟಲಾ ಪ್ರೆಸ್ಸಿನ್ಯಾಗ ಎಲ್ಲಿ ಕಟ್ಟೂಣು?"

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನನಗೆ ಅಕ್ಷರ ಮಂಜಾದವು, ಎರಡು ಸಲ ತಪ್ಪು ಕೀಲಿ ಒತ್ತಿದೆ. ಕಿಟಕಿಯ ಕಡೆ ಬೇಡ, ಗಾಳಿ ಬರುತ್ತದೆ, ನನ್ನ ಕುರ್ಚಿಯ ಬಾಜೂಕ್ಕೆ ಕಟ್ಟಿರಿ ಎಂದು ಬರೆದೆ. ಜೇಬಿನೊಳಗಿಂದ ಸ್ಟೂಲು ಎಳೆಯುವ ಸದ್ದು ಬಂತು. ಮಾವನವರು ತೊಲೆ ಗಟ್ಟಿಯಿದೆಯೇ ನೋಡಲು ಅದರ ಮೇಲೆ ಹತ್ತುತ್ತಿದ್ದರು.